ಮಲಗಿದ ತಂತಿ, ನಿಂತ ತಂತಿ

“ಮಾಸ್ತರರೇ, ಎಲ್ಲಕ್ಕಿಂತ ಒಳ್ಳೆಯ ಆಂಟೆನಾ ಯಾವುದು?” ಎಂದು ದಾಕ್ಷಾಯಣಿ ಕೇಳಿದಳು.

ಅವಳು ಗದಗಿನ ಒಂದು ಆಸ್ಪತ್ರೆಯಲ್ಲಿ ಔಷಧ ಕೊಡುವ ಕೆಲಸದಲ್ಲಿದ್ದಳು. ದೂರದವರೊಂದಿಗೆ ರೇಡಿಯೋದಲ್ಲಿ ಮಾತಾಡಲು ಬೇಕಾದ ಹವ್ಯಾಸಿ ರೇಡಿಯೋ ಪರೀಕ್ಷೆ ಪಾಸಾಗಿ ಪರವಾನಗಿ ಕೈಸೇರಿ ಒಂದು ವಾರವಾಗಿತ್ತು. ರೇಡಿಯೋ ಬಂದಿತ್ತು. ತಾಮ್ರದ ತಂತಿಯ ಸುರುಳಿಯೂ ಬಂದಿತ್ತು. ತಂತಿಯನ್ನು ಹೇಗೆ ಕಟ್ಟಬೇಕೆಂಬುದು ಮಾತ್ರ ತೀರ್ಮಾನವಾಗಿರಲಿಲ್ಲ. ಕೈಯಲ್ಲಿ ಆಂಟೆನಾದ ಐದು ನಕ್ಷೆಗಳನ್ನು ಹಿಡಿದು ಬಂದಿದ್ದಳು.

ಅಡವೆಪ್ಪ ಮಾಸ್ತರರು ಮೂವತ್ತು ವರ್ಷಗಳಿಂದ ಊರಿನಲ್ಲಿ ಆಸಕ್ತರಿಗೆಲ್ಲ ರೇಡಿಯೋ ಕಲಿಸುತ್ತ ಬಂದವರು. ನಕ್ಷೆಗಳನ್ನು ಒಂದೊಂದಾಗಿ ನೋಡಿದರು. ಮಡಚಿ ಅವಳ ಕೈಗೇ ಕೊಟ್ಟರು.

“ಐದೂ ಸರಿಯಾಗಿವೆ. ಕೂತುಕೋ ತಂಗಿ,” ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಅಲ್ಲಿಂದ ಇನ್ನೂರು ಕಿಲೋಮೀಟರ್ ದೂರದ ಇನ್ನೊಂದು ಊರಿನಲ್ಲಿ ಒಬ್ಬ ಹರಾಜು ಕೂಗುವವನಿದ್ದ. ಗಡಿಯಾರದವನ ಕೆಲಸಕ್ಕೆ ಮಾತು ಬೇಕಿರಲಿಲ್ಲ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಇಡೀ ದಿನ ತಲೆ ಬಗ್ಗಿಸಿ ಕೂರುತ್ತಿದ್ದ. ಹರಾಜಿನವನ ಕೆಲಸವೇ ಮಾತು. ಮೆಣಸಿನಕಾಯಿ ಮಾರುಕಟ್ಟೆಯ ಈ ತುದಿಯಲ್ಲಿ ನಿಂತು ಅವನು ಕೂಗಿದರೆ ಆ ತುದಿಯಲ್ಲಿ ಚೀಲ ಹೊಲಿಯುತ್ತಿದ್ದ ಹೆಂಗಸರು ತಲೆ ಎತ್ತುತ್ತಿದ್ದರು.

ಇಬ್ಬರೂ ಒಂದೇ ವರ್ಷ ರೇಡಿಯೋ ಪರೀಕ್ಷೆಗೆ ಬಂದು, ಒಂದೇ ಬೆಂಚಿನಲ್ಲಿ ಕೂತು, ಒಂದೇ ಬಸ್ಸಿನಲ್ಲಿ ಅರ್ಧ ದಾರಿ ಹಿಂದಿರುಗಿದರು. ಅಷ್ಟರಲ್ಲಿ ಗೆಳೆತನವಾಯಿತು. ಹರಾಜಿನವನು ನಾಲ್ಕು ವರ್ಷ ದೊಡ್ಡವನು. ಗಡಿಯಾರದವನು ಅವನನ್ನು ಅಣ್ಣಾ ಎಂದ. ಅವನು ಇವನನ್ನು ತಮ್ಮಾ ಎಂದ.

ಪರವಾನಗಿ ಬಂದ ಮೇಲೆ ಗಡಿಯಾರದವನು ತನ್ನ ಮಾಳಿಗೆಯ ಮೇಲೆ ಒಂದು ತಂತಿ ಕಟ್ಟಿದ. ಅರವತ್ತಾರು ಅಡಿ ತಂತಿಯನ್ನು ಸರಿಯಾಗಿ ಮಧ್ಯಕ್ಕೆ ಕತ್ತರಿಸಿ, ಆ ಎರಡು ತುಂಡುಗಳಿಗೆ ರೇಡಿಯೋದ ಕೇಬಲ್ ಜೋಡಿಸಿದ. ಮಧ್ಯವನ್ನು ಒಂದು ಬಿದಿರಿನ ಕೋಲಿಗೆ ಕಟ್ಟಿದ. ಒಂದು ತುದಿಯನ್ನು ಬೇವಿನ ಮರಕ್ಕೆ, ಇನ್ನೊಂದು ತುದಿಯನ್ನು ನೆರೆಮನೆಯವರ ಒಪ್ಪಿಗೆ ಪಡೆದು ಅವರ ಮೆಟ್ಟಿಲಿನ ಕಂಬಿಗೆ ಬಿಗಿದ. ತಂತಿ ಮಾಳಿಗೆಯ ಮೇಲೆ ಎರಡಾಳು ಎತ್ತರದಲ್ಲಿ, ಬಟ್ಟೆ ಒಣಗಿಸುವ ಹಗ್ಗದ ಹಾಗೆ ಮಲಗಿತ್ತು. ಹರಾಜಿನವನೂ ಅಂಥದನ್ನೇ ಕಟ್ಟಿದ.

ದಿನಾ ಬೆಳಿಗ್ಗೆ ಆರೂವರೆಗೆ ಇಬ್ಬರೂ ರೇಡಿಯೋ ಮುಂದೆ ಕೂರುತ್ತಿದ್ದರು. ಹರಾಜಿನವನು ರೇಡಿಯೋದಲ್ಲೂ ಹರಾಜಿನವನೇ. ಗಡಿಯಾರದವನಿಗೆ ಸರ್ಕಾರ ಕೊಟ್ಟ ಕರೆಗುರುತನ್ನು ಕೂಗಿ, “ಒಂದು ಸಲ, ಎರಡು ಸಲ, ಮೂರು ಸಲ!” ಎಂದು ಮುಗಿಸುತ್ತಿದ್ದ. ಮೂರು ಸಲ ಎನ್ನುವಷ್ಟರಲ್ಲಿ ಇವನು ಉತ್ತರ ಕೊಡಬೇಕು. ಕೊಡದಿದ್ದರೆ, “ಮಾಲು ಇನ್ನೂ ಎದ್ದಿಲ್ಲ!” ಎಂದು ನಗುತ್ತಿದ್ದ. ಮಾತಾಡುತ್ತಿದ್ದುದು ಹತ್ತು ನಿಮಿಷ. ಹೇಳುವಂಥದ್ದೇನೂ ಇರುತ್ತಿರಲಿಲ್ಲ. ಐದು ವರ್ಷ ಹೀಗೆ ನಡೆಯಿತು.

ಒಂದು ದಿನ ಗಡಿಯಾರದವನು ರೇಡಿಯೋದಲ್ಲಿ ಬೇರೆಯವರ ಮಾತು ಕೇಳಿಸಿಕೊಂಡ. ಒಬ್ಬ ಜಪಾನಿನ ಜೊತೆ ಮಾತಾಡಿದೆ ಎಂದ. ಇನ್ನೊಬ್ಬ ಬ್ರೆಜಿಲ್ ಎಂದ. ನಿನಗೆ ಎಲ್ಲಿಯವರೆಗೆ ಮುಟ್ಟುತ್ತದೆ ಎಂದು ಇವನನ್ನು ಕೇಳಿದರು. ಇವನು ಜಿಲ್ಲೆಗಳ ಹೆಸರು ಹೇಳಿದ. ಅವರು ಸುಮ್ಮನಾದರು. ಆ ಸುಮ್ಮನಿರುವಿಕೆ ಇವನಿಗೆ ಚುಚ್ಚಿತು.

ಅವನು ವಿಚಾರಿಸಿದ. ತಂತಿಯನ್ನು ಮಲಗಿಸಬೇಡ, ನಿಲ್ಲಿಸು ಎಂದರು. ಮರುದಿನ ಹರಾಜಿನವನಿಗೆ ಈ ವಿಷಯ ತಿಳಿಸಿದ.

“ದೊಡ್ಡ ಮನುಷ್ಯನಾಗುತ್ತೀಯಪ್ಪ. ಆಮೇಲೆ ನಮ್ಮಂಥವರ ಗುರುತು ಸಿಗುತ್ತದೋ ಇಲ್ಲವೋ,” ಎಂದ ಹರಾಜಿನವನು. ನಗುತ್ತಲೇ ಅಂದ.

ಆ ಭಾನುವಾರ ಗಡಿಯಾರದವನು ತಂತಿ ಇಳಿಸಿದ. ಮೂವತ್ತಮೂರು ಅಡಿಯ ಒಂದು ತುಂಡನ್ನು ಉದ್ದನೆಯ ಕಂಬಕ್ಕೆ ಕಟ್ಟಿ ನೆಟ್ಟಗೆ ನಿಲ್ಲಿಸಿದ. ಇನ್ನೊಂದು ತುಂಡಿಗೆ ಬೇರೆ ತಂತಿಗಳನ್ನೂ ಸೇರಿಸಿ ಕಂಬದ ಬುಡದಿಂದ ಮಾಳಿಗೆಯ ನೆಲದ ಮೇಲೆ ಹರಡಿದ. ಬೀದಿಯವರು ನಿಂತು ನೋಡಿದರು. ಸಂಜೆ ಹೊತ್ತು ಇಳಿಯುವಾಗ ರೇಡಿಯೋ ಹಾಕಿದ. ಜಪಾನು ಕೇಳಿಸಿತು. ಕರೆದ. ಜಪಾನು ಉತ್ತರ ಕೊಟ್ಟಿತು. ಹೆಂಡತಿಯನ್ನು ಕೂಗಿದ. ಅವಳು ಹಿಟ್ಟಿನ ಕೈಯಲ್ಲೇ ಬಂದು ಕೇಳಿ, “ಇಷ್ಟು ದೂರದವರು ಎಷ್ಟು ಮೆಲ್ಲಗೆ ಮಾತಾಡುತ್ತಾರೆ!” ಎಂದಳು.

ಮರುದಿನ ಆರೂವರೆಗೆ ಆ ಸುದ್ದಿ ಹೇಳಲು ಕೂತ. ಹರಾಜಿನವನು ಬರಲಿಲ್ಲ. ಗೊರಗೊರ ಸದ್ದು ಬಿಟ್ಟರೆ ಏನೂ ಇಲ್ಲ. ಇವನೇ ಕರೆದ. ಉತ್ತರವಿಲ್ಲ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನವೂ ಇಲ್ಲ.

ರೇಡಿಯೋ ಕೆಟ್ಟಿರಬಹುದೇ ಎಂದುಕೊಂಡ. ಆದರೆ ಸಂಜೆ ಜಪಾನು ಕೇಳಿಸುತ್ತಿತ್ತು, ಮಲಯ ಕೇಳಿಸುತ್ತಿತ್ತು. ಸಮುದ್ರ ದಾಟಿ ಹೋಗುವ ದನಿ ಇನ್ನೂರು ಕಿಲೋಮೀಟರ್ ಹೋಗುವುದಿಲ್ಲವೇ? ದೋಷ ತಂತಿಯದಲ್ಲ ಎಂದು ತೀರ್ಮಾನಿಸಿದ. ಹಾಗಾದರೆ ದೋಷ ಮನುಷ್ಯನದು. ಗೆಳೆಯ ಹೇಳಿದ ಆ ಮಾತು ನೆನಪಾಯಿತು. ನಗುತ್ತ ಹೇಳಿದ್ದು ನಗುವಾಗಿರಲಿಲ್ಲ, ಹೊಟ್ಟೆಕಿಚ್ಚಾಗಿತ್ತು ಎಂದುಕೊಂಡ.

ಆಗ ಮನೆಮನೆಗೂ ಫೋನ್ ಇರಲಿಲ್ಲ. ಒಂದು ಕಾರ್ಡು ತೆಗೆದು ‘ಅಣ್ಣಾ’ ಎಂದು ಬರೆದ. ಮುಂದೆ ಏನು ಬರೆಯಬೇಕೆಂದು ತಿಳಿಯಲಿಲ್ಲ. ನಾನೇಕೆ ಮೊದಲು ಬರೆಯಲಿ ಎನಿಸಿತು. ಕಾರ್ಡು ಗಡಿಯಾರದ ಬಿಡಿಭಾಗಗಳ ಡಬ್ಬಿಯ ಕೆಳಗೆ ಹೋಯಿತು. ಎರಡನೆಯ ವಾರದಿಂದ ಬೆಳಿಗ್ಗೆ ಆರೂವರೆಗೆ ಡಯಲನ್ನು ಬೇರೆ ಜಾಗಕ್ಕೆ ತಿರುಗಿಸಿ ದೂರದವರನ್ನು ಹುಡುಕತೊಡಗಿದ.

ಮೂರು ವಾರ ಕಳೆಯಿತು. ಒಂದು ಸೋಮವಾರ ಬೆಳಿಗ್ಗೆ ಹಿಮಾಲಯದ ತಪ್ಪಲಿನಿಂದ ಒಬ್ಬ ನಿವೃತ್ತ ಸೈನಿಕ ಅವನ ಕರೆಗೆ ಉತ್ತರಿಸಿದ. ಸೈನ್ಯದಲ್ಲಿ ಅವನ ಕೆಲಸವೂ ರೇಡಿಯೋದ್ದೇ. ಇಬ್ಬರೂ ಹಿಂದಿಯಲ್ಲಿ ಮಾತಾಡಿದರು. ಹೆಸರು, ಊರು, ಚಳಿ ಎಲ್ಲ ಆಯಿತು. ಆಮೇಲೆ ಸೈನಿಕ ಸ್ವಲ್ಪ ತಡೆದು ಹೇಳಿದ.

“ತಪ್ಪು ತಿಳಿಯಬೇಡಿ. ಇದು ನಿಮ್ಮ ಮನೆಯ ವಿಷಯ. ನೀವು ಅವರಿಗೆ ಏಕೆ ಉತ್ತರ ಕೊಡುವುದಿಲ್ಲ?”

“ಯಾರಿಗೆ?”

“ದಿನಾ ಇದೇ ಹೊತ್ತಿಗೆ, ಡಯಲಿನಲ್ಲಿ ನಿಮ್ಮಿಂದ ಬೆರಳಗಲ ಆಚೆ ಒಬ್ಬರು ನಿಮ್ಮ ಗುರುತು ಹೇಳಿ ಕರೆಯುತ್ತಾರೆ. ನನ್ನ ಆಂಟೆನಾ ದೊಡ್ಡದು, ಸಣ್ಣಗಾದರೂ ಕೇಳಿಸುತ್ತದೆ. ಕಾಯುತ್ತಾರೆ. ಮತ್ತೆ ಕರೆಯುತ್ತಾರೆ. ಹತ್ತು ನಿಮಿಷ ಬಿಟ್ಟು ಹೋಗುತ್ತಾರೆ. ಕೊನೆಗೆ ನಿಮ್ಮ ಭಾಷೆಯಲ್ಲಿ ಏನೋ ಹೇಳುತ್ತಾರೆ. ಒಂದು ಸಲ, ಎರಡು ಸಲ, ಮೂರು ಸಲ. ಅರ್ಥ ನನಗೆ ಗೊತ್ತಿಲ್ಲ. ಕೇಳಿ ಕೇಳಿ ಬಾಯಿಪಾಠವಾಗಿದೆ.”

ಗಡಿಯಾರದವನು ಕುರ್ಚಿಯನ್ನು ರೇಡಿಯೋದ ಹತ್ತಿರಕ್ಕೆ ಎಳೆದುಕೊಂಡ.

“ನೀವಿಬ್ಬರೂ ಮುನಿಸಿಕೊಂಡಿದ್ದೀರಿ ಎಂದು ಸುಮ್ಮನಿದ್ದೆ,” ಎಂದ ಸೈನಿಕ. “ಆದರೆ ಒಂದು ವಾರದಿಂದ ಅವರ ದನಿ ಒಡೆದಿದೆ. ಅದಕ್ಕೇ ಹೇಳಿದೆ.”

ತನಗೆ ಏನೂ ಕೇಳಿಸುತ್ತಿಲ್ಲ ಎಂದು ಗಡಿಯಾರದವನು ಹೇಳಿದ. ಆಂಟೆನಾ ಯಾವುದು ಎಂದು ಸೈನಿಕ ಕೇಳಿದ. ಕಂಬದ ವಿಷಯ ಹೇಳಿದಾಗ ನಿಟ್ಟುಸಿರು ಬಿಟ್ಟ.

“ನಿಂತ ತಂತಿ ದನಿಯನ್ನು ದಿಗಂತದ ಕಡೆಗೆ ಎಸೆಯುತ್ತದೆ. ಆ ದನಿ ದೂರದಲ್ಲಿ ಆಕಾಶ ಮುಟ್ಟಿ, ಇನ್ನೂ ದೂರದಲ್ಲಿ ಇಳಿಯುತ್ತದೆ. ನಡುವಿನ ಊರುಗಳನ್ನು ಹಾರಿ ಹೋಗುತ್ತದೆ. ಹತ್ತಿರದವರ ದನಿ ಆಕಾಶಕ್ಕೇರಿ ನಿಮ್ಮ ನೆತ್ತಿಯ ಮೇಲಿನಿಂದ ಇಳಿಯುತ್ತದೆ. ನಿಂತ ತಂತಿಗೆ ನೆತ್ತಿಯ ಕಡೆ ಕಿವಿಯಿಲ್ಲ. ನಾವು ಸೈನ್ಯದಲ್ಲಿ ಗುಡ್ಡದ ಆಚೆಯ ಪಾಳೆಯದ ಜೊತೆ ಮಾತಾಡಬೇಕಾದರೆ ತಂತಿಯನ್ನು ನೆಲಕ್ಕೆ ಹತ್ತಿರ ಮಲಗಿಸುತ್ತಿದ್ದೆವು.”

ಗಡಿಯಾರದವನು ಡಯಲು ತಿರುಗಿಸುವಷ್ಟರಲ್ಲಿ ಆರೂ ಮುಕ್ಕಾಲು ದಾಟಿತ್ತು. ಆ ದಿನ ಅಂಗಡಿ ತೆರೆಯಲಿಲ್ಲ. ಕಂಬ ಇಳಿಸಿದ. ತಂತಿಯ ತುಂಡುಗಳನ್ನು ಹುಡುಕಿ ಒರೆಸಿದ. ಬೇವಿನ ಮರ ಹತ್ತಿ ಒಂದು ತುದಿ ಕಟ್ಟಿದ. ನೆರೆಮನೆಯ ಹೆಂಗಸು, “ಏನಪ್ಪ, ಮತ್ತೆ ನಮ್ಮ ಮೆಟ್ಟಿಲಿಗೇ ಬಂದೆಯಾ?” ಎಂದಳು. ಅವನು ಗಂಟು ಬಿಗಿದ.

ಮಂಗಳವಾರ ಆರೂವರೆ. ಹರಾಜಿನವನು ಕರೆದ. ಅದು ಅವನ ದನಿಯೆಂದು ತಿಳಿಯಲು ಗಡಿಯಾರದವನಿಗೆ ಒಂದು ಕ್ಷಣ ಬೇಕಾಯಿತು. ಹರಿದ ತಗಡು ಗಾಳಿಗೆ ಅಲುಗಿದಂತಿತ್ತು.

“ಅಣ್ಣಾ,” ಎಂದ.

ಆ ಕಡೆ ಕೆಮ್ಮು ಕೇಳಿಸಿತು.

“ಬಂದೆಯಾ ತಮ್ಮಾ,” ಎಂದ ಹರಾಜಿನವನು.

“ನನಗೆ ನಿನ್ನ ದನಿ ಕೇಳಿಸಲೇ ಇಲ್ಲ. ತಂತಿಯ ತಪ್ಪು. ತಂತಿಯದಷ್ಟೇ ಅಲ್ಲ, ನನ್ನ ತಪ್ಪು. ನಿನಗೆ ಸಿಟ್ಟು ಎಂದುಕೊಂಡೆ.”

“ನನಗೆ ಸಿಟ್ಟು ಬಂದಿತ್ತು. ಆದರೂ ಕರೆಯುತ್ತಿದ್ದೆ. ಸಿಟ್ಟು ಬಂದರೆ ಕರೆಯಬಾರದು ಎಂದು ಎಲ್ಲಿ ಬರೆದಿದೆ?”

ಆಮೇಲೆ ವಿಷಯ ಹೇಳಿದ. ಗಂಟಲಿನಲ್ಲಿ ಗಡ್ಡೆ. ಶನಿವಾರ ಆಪರೇಷನ್. ಸ್ವರಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಶುಕ್ರವಾರ ಬೆಳಗಾಗುವ ಮೊದಲೇ ದೊಡ್ಡ ಊರಿನ ಆಸ್ಪತ್ರೆಗೆ ಹೊರಡಬೇಕು.

ಗಡಿಯಾರದವನು ಬೆರಳು ಎಣಿಸಿದ. ಮೂರು ಬೆಳಗು ಉಳಿದಿದ್ದವು. ಇಂದಿನದೂ ಸೇರಿ.

“ಈಗ ಇಷ್ಟು ಮಾತಾಡುತ್ತಿದ್ದೀಯಲ್ಲ, ಡಾಕ್ಟರು ಏನೂ ಅನ್ನುವುದಿಲ್ಲವೇ?” ಎಂದು ಕೇಳಿದ.

“ಮಾತು ಕಡಿಮೆ ಮಾಡು ಎಂದಿದ್ದಾರೆ. ಉಳಿಸಿಟ್ಟುಕೊಂಡು ಏನು ಮಾಡಲಿ, ಉಪ್ಪಿನಕಾಯಿ ಹಾಕಲೇ?”

ಇಬ್ಬರೂ ನಕ್ಕರು. ಆ ನಗುವಿನ ನಡುವೆ ಗಡಿಯಾರದವನು ಮೈಕಿನ ಗುಂಡಿಯಿಂದ ಕೈ ತೆಗೆದು ಸ್ವಲ್ಪ ಹೊತ್ತು ಮುಖ ಮುಚ್ಚಿಕೊಂಡ. ಕಳೆದುಹೋದ ಮೂರು ವಾರಗಳ ವಿಷಯ ಮತ್ತೆ ಇಬ್ಬರೂ ಎತ್ತಲಿಲ್ಲ.

ಬುಧವಾರ ಹೇಳುವಂಥದ್ದೇನೂ ಇಲ್ಲದ ಮಾತುಗಳನ್ನೇ ಆಡಿದರು. ಹತ್ತು ನಿಮಿಷ ಒಂದು ಗಂಟೆಯಾಯಿತು.

ಗುರುವಾರ ಗಡಿಯಾರದವನ ಹೆಂಡತಿಯೂ ಬಂದು ಕೂತಳು. ಐದು ವರ್ಷ ಅವನ ದನಿ ಕೇಳಿದ್ದೇನೆ, ಅವನು ಹರಾಜು ಕೂಗುವುದನ್ನು ಒಮ್ಮೆಯೂ ಕೇಳಿಲ್ಲ ಎಂದಳು. ಗಡಿಯಾರದವನು ಅದನ್ನು ಹಾಗೆಯೇ ದಾಟಿಸಿದ.

ಹರಾಜಿನವನು ಕೆಮ್ಮಿದ. ನೀರು ಕುಡಿದ. ಆಮೇಲೆ ಶುರುಮಾಡಿದ.

“ಬನ್ನಿರಿ, ಬನ್ನಿರಿ! ಒಂದು ಚೀಲ ಕೆಂಪು ಮೆಣಸಿನಕಾಯಿ! ಬಣ್ಣ ನೋಡಿರಿ, ಮದುಮಗಳ ಸೀರೆ! ಸುಕ್ಕು ನೋಡಿರಿ, ನನ್ನ ಮಾವನ ಮುಖ! ಏನು ಕೊಡುತ್ತೀರಿ?”

“ಎರಡು ಡಬ್ಬಿ ಶೇಂಗಾ ಉಂಡೆ ಅನ್ನಿ,” ಎಂದಳು ಹೆಂಡತಿ. ಗಡಿಯಾರದವನು ಹೇಳಿದ.

“ಎರಡು ಡಬ್ಬಿ ಉಂಡೆ! ಯಾರಾದರೂ ಮೇಲೆ?”

“ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳುವ ಒಂದು ಗೋಡೆ ಗಡಿಯಾರ,” ಎಂದ ಗಡಿಯಾರದವನು ತನ್ನ ಪರವಾಗಿ.

“ಅಂಥ ಗಡಿಯಾರ ರಿಪೇರಿಯವನ ಮನೆಯಲ್ಲೇ ಇರಬೇಕು! ಬೇಡ! ಮೇಲೆ ಯಾರು?”

“ಮೂರು ಡಬ್ಬಿ ಅನ್ನಿ, ಮೂರು ಡಬ್ಬಿ!” ಎಂದು ಅವಳು ಗಂಡನ ತೋಳು ಹಿಡಿದು ಅಲುಗಿಸಿದಳು.

ಮೂರು ಡಬ್ಬಿಗೆ ಮಾಲು ಅವಳದಾಯಿತು. ಮುಗಿಸುವಾಗ ಅವನ ದನಿ ಪೂರ್ತಿ ಹೋಗಿ ಗಾಳಿ ಮಾತ್ರ ಬರುತ್ತಿತ್ತು. ಹಾಗಿದ್ದರೂ ಮುಗಿಸಿದ. ಕೂಗುವವನು ನಡುವೆ ಬಿಟ್ಟರೆ ಮಾಲಿಗೆ ಅವಮಾನ ಎಂದು ಅವನು ಹೇಳುವುದಿತ್ತು.

ಮುಂದಿನ ವಾರ ಗಡಿಯಾರದವನು ಆಸ್ಪತ್ರೆಗೆ ಹೋದ. ಮೂರು ಡಬ್ಬಿ ಉಂಡೆ ಒಯ್ದಿದ್ದ. ರೋಗಿಗೆ ನುಂಗಲು ಬರುತ್ತಿರಲಿಲ್ಲ. ಅವನ ಹೆಂಡತಿಯೂ ನರ್ಸುಗಳೂ ಪಕ್ಕದ ಹಾಸಿಗೆಯವರೂ ತಿಂದರು. ರೋಗಿ ಯಾರು ಎಷ್ಟು ತಿಂದರೆಂದು ಬೆರಳು ತೋರಿಸಿ ಕಣ್ಣಿನಲ್ಲೇ ಬೈದ. ಮಾತಾಡಬೇಕಾದುದನ್ನು ಒಂದು ಸ್ಲೇಟಿನ ಮೇಲೆ ಬರೆಯುತ್ತಿದ್ದ. ಎರಡನೆಯ ದಿನ ಮಧ್ಯಾಹ್ನ, ಯಾರೂ ಇಲ್ಲದಾಗ, ಬರೆದು ಗೆಳೆಯನ ಕಡೆ ತಿರುಗಿಸಿದ.

‘ಇನ್ನು ರೇಡಿಯೋ ಯಾಕೆ?’

ಗಡಿಯಾರದವನಿಗೆ ಸಮಾಧಾನ ಹೇಳಲು ಬರುತ್ತಿರಲಿಲ್ಲ. ಮಾತು ಅವನ ಕಸುಬಲ್ಲ. ಅವನು ಖಾಲಿ ಡಬ್ಬಿಯೊಂದನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡ. ಪರೀಕ್ಷೆಗೆಂದು ಇಬ್ಬರೂ ಮೋರ್ಸ್ ಸಂಕೇತ ಕಲಿತಿದ್ದರು. ಪಾಸಾದ ಮೇಲೆ ಒಮ್ಮೆಯೂ ಬಳಸಿರಲಿಲ್ಲ. ಗಡಿಯಾರದವನು ನೆನಪಿಸಿಕೊಂಡು, ಗಿಡ್ಡ ಸದ್ದಿಗೆ ಬೆರಳಿನಿಂದ ಬಡಿದ, ಉದ್ದ ಸದ್ದಿಗೆ ಉಗುರಿನಿಂದ ಗೀರಿದ. ಒಂದು ಗೀರು, ಮೂರು ಬಡಿತ. ತಡೆದು, ಒಂದು ಬಡಿತ, ಒಂದು ಗೀರು. ಇಂಗ್ಲಿಷಿನ ಎರಡೇ ಅಕ್ಷರ. ಕೂಡಿಸಿ ಓದಿದರೆ ‘ಬಾ’ ಎಂದಾಗುತ್ತಿತ್ತು.

ಹರಾಜಿನವನು ಡಬ್ಬಿಯನ್ನೇ ನೋಡುತ್ತಿದ್ದ. ಅವನಿಗೆ ತಿಳಿಯಿತೋ ಇಲ್ಲವೋ, ಇವನಿಗೆ ತಿಳಿಯಲಿಲ್ಲ. ಬಸ್ಸಿನ ಹೊತ್ತಾಗಿತ್ತು. ಎದ್ದು ಬಂದ.

ಆಮೇಲೆ ಎರಡು ತಿಂಗಳು ಆರೂವರೆಗೆ ರೇಡಿಯೋದಲ್ಲಿ ಗೊರಗೊರ ಸದ್ದು ಮಾತ್ರ. ಗಡಿಯಾರದವನು ಒಂದು ದಿನವೂ ತಪ್ಪಿಸಲಿಲ್ಲ. ಜಪಾನಿನವರು ಎಲ್ಲಿ ಹೋದರು ಎಂದು ರೇಡಿಯೋದ ಗೆಳೆಯರು ಕೇಳಿದರು. ಇವನು ನಕ್ಕ.

ಒಂದು ಬೆಳಿಗ್ಗೆ ಆ ಸದ್ದಿನ ನಡುವೆ ಕುಂಯ್ ಕುಂಯ್ ಎಂದಿತು. ನಿಂತಿತು. ಮತ್ತೆ ಎಂದಿತು. ಗಡಿಯಾರದವನು ಪೆನ್ಸಿಲ್ಲಿಗೆ ತಡಕಾಡಿದ. ಮೊದಲು ತನ್ನ ಕರೆಗುರುತು ಬಂತು, ಎರಡು ಕಡೆ ತಪ್ಪಾಗಿ. ಆಮೇಲೆ ಏನೋ ಒಂದು ಪ್ರಶ್ನೆ. ತಿಳಿಯಲಿಲ್ಲ. ಇನ್ನೊಮ್ಮೆ ಕಳಿಸು ಎಂದು, ಪರೀಕ್ಷೆಯ ಕಾಲದ ಮೋರ್ಸ್ ಕೀಲಿಯನ್ನು ಬೆರಳಿನಿಂದ ಒತ್ತಿ ಕೇಳಿದ. ಇನ್ನೊಮ್ಮೆ ಬಂತು. ತಿಳಿಯಲಿಲ್ಲ. ಮೂರನೆಯ ಸಲ ಕೇಳಿದಾಗ ಆ ಕಡೆಯ ಕೀಲಿಗೆ ಸಿಟ್ಟು ಬಂತು. ಸಿಟ್ಟು ಮಾತ್ರ ದನಿಯಿದ್ದಾಗಿನಷ್ಟೇ ಚೆನ್ನಾಗಿ ಕೇಳಿಸಿತು. ಒಂದೊಂದೇ ಅಕ್ಷರ ಬರೆದುಕೊಂಡು ಕೂಡಿಸಿ ಓದಿದ.

‘ತಿಂಡಿ ಆಯಿತಾ?’

ಗಡಿಯಾರದವನು ಉತ್ತರ ಕಳಿಸಿದ. ಉಪ್ಪಿಟ್ಟು ಎಂಬ ಒಂದು ಮಾತು ಹೋಗಿ ಮುಟ್ಟಲು ನಾಲ್ಕು ನಿಮಿಷ ಹಿಡಿಯಿತು. ಆ ದಿನ ಅಂಗಡಿಗೆ ತಡವಾಯಿತು. ಮರುದಿನವೂ ತಡವಾಯಿತು. ಮುಂದೆ ಗಿರಾಕಿಗಳಿಗೆ ಅದು ರೂಢಿಯಾಯಿತು. ಹನ್ನೊಂದು ವರ್ಷ ಅವರು ಹಾಗೆ ಮಾತಾಡಿದರು.

ಮಾಸ್ತರರು ಕತೆ ನಿಲ್ಲಿಸಿದರು.

ದಾಕ್ಷಾಯಣಿ ನಕ್ಷೆಗಳಲ್ಲಿ ಒಂದನ್ನು ಹೊರತೆಗೆದಳು. “ಹಾಗಾದರೆ ಮಲಗಿದ ತಂತಿಯೇ ಒಳ್ಳೆಯದು. ನಿಂತ ತಂತಿ ಬೇಡ. ಅಲ್ಲವೇ ಮಾಸ್ತರರೇ?”

“ನಿಂತ ತಂತಿ ಇಲ್ಲದಿದ್ದರೆ ಆ ಸೈನಿಕನ ಮಾತು ಅವನಿಗೆ ಮುಟ್ಟುತ್ತಿತ್ತೇ?”

ಅವಳು ನಕ್ಷೆಯನ್ನು ಮತ್ತೆ ಒಳಗಿಟ್ಟಳು. “ಹಾಗಿದ್ದರೆ ನಾನು ಯಾವುದನ್ನು ಕಟ್ಟಲಿ?”

“ನಿನ್ನ ದನಿಗಾಗಿ ಕಾಯುತ್ತಿರುವವರು ಎಷ್ಟು ದೂರದಲ್ಲಿದ್ದಾರೆ, ಮೊದಲು ಅದನ್ನು ಹೇಳವ್ವಾ,” ಎಂದರು ಮಾಸ್ತರರು.

ದಾಕ್ಷಾಯಣಿ ಐದೂ ನಕ್ಷೆಗಳನ್ನು ಬದಿಗಿಟ್ಟಳು. ಕಾಯುವವರು ಯಾರು ಯಾರೆಂದು ಬೆರಳು ಮಡಚಿ ಎಣಿಸತೊಡಗಿದಳು.